ನಡುವಿನ ನಲವತ್ತು ಸೆಕೆಂಡು

ಜನವರಿ ೧೪

ಮಾನ್ಯರೇ,

ಅಕ್ಟೋಬರ್ ಒಂಬತ್ತರ ಬೆಳಿಗ್ಗೆ ನಿಮ್ಮೂರಿಗೆ ಸುನಾಮಿ ಬಂದಾಗ ಐಸ್ ಫ್ಯಾಕ್ಟರಿಯ ತಾರಸಿಯಿಂದ ನೀವು ತೆಗೆದ ವಿಡಿಯೊ ತಲುಪಿದೆ. ಮೆಮೊರಿ ಕಾರ್ಡನ್ನು ಹತ್ತಿಯಲ್ಲಿ ಸುತ್ತಿ ಬೆಂಕಿಪೊಟ್ಟಣದಲ್ಲಿಟ್ಟು ಕಳಿಸಿದ್ದರಿಂದ ಏನೂ ಹಾಳಾಗಿಲ್ಲ.

ಜನ ಕಣ್ಣಾರೆ ಕಂಡು ಫೋನಿನಲ್ಲಿ ಹಿಡಿದ ದೃಶ್ಯಗಳನ್ನು ಒಟ್ಟುಮಾಡಿ, ನೀರು ಯಾವ ಬೀದಿಗೆ ಎಷ್ಟು ಗಂಟೆ, ಎಷ್ಟು ನಿಮಿಷ, ಎಷ್ಟು ಸೆಕೆಂಡಿಗೆ ಬಂತು ಎಂದು ಗುರುತಿಸುವುದು ನಮ್ಮ ವಿಭಾಗದ ಕೆಲಸ. ಅದರಿಂದ ಒಂದು ನಕ್ಷೆಯಾಗುತ್ತದೆ. ಮುಂದೆ ಇಂಥದ್ದು ಬಂದರೆ ಜನ ಓಡಿ ಹತ್ತಲು ಮೆಟ್ಟಿಲು ಎಲ್ಲಿ ಕಟ್ಟಬೇಕು ಎಂಬುದನ್ನು ಆ ನಕ್ಷೆ ನೋಡಿ ಜೂನ್ ಕೊನೆಗೆ ತೀರ್ಮಾನಿಸುತ್ತಾರೆ. ನಿಮ್ಮೂರಿನಿಂದ ಇಪ್ಪತ್ತೇಳು ವಿಡಿಯೊ ಬಂದಿವೆ. ಬಂದರು ಪೂರ್ತಿಯಾಗಿ, ಸ್ಪಷ್ಟವಾಗಿ ಕಾಣುವುದು ನಿಮ್ಮದರಲ್ಲಿ ಮಾತ್ರ.

ಎರಡು ಸಂದೇಹಗಳಿವೆ. ಶುರುವಿನಲ್ಲಿ ಒಬ್ಬ ಹೆಂಗಸು ದೋಣಿಗಳನ್ನು ಎಣಿಸುತ್ತಾರೆ. "ಐದು, ಕೆಂಪು ಪಟ್ಟಿ. ಆರು, ಮುರುಕು ಚುಕ್ಕಾಣಿ." ಸಮುದ್ರ ಹಿಂದಕ್ಕೆ ಸರಿಯುತ್ತಿದ್ದರೂ ಎಣಿಕೆ ನಿಲ್ಲುವುದಿಲ್ಲ. ಇವರು ಯಾರು, ಯಾಕೆ ಎಣಿಸುತ್ತಿದ್ದಾರೆ? ಇನ್ನೊಂದು, ಬೇರೆ ವಿಡಿಯೊಗಳ ಜೊತೆ ಹೊಂದಿಸಿ ನೋಡಿದರೆ ೯:೧೪:೨೫ರಿಂದ ೯:೧೫:೦೫ರವರೆಗೆ ನಲವತ್ತು ಸೆಕೆಂಡು ಇಲ್ಲ. ಫೋನು ಕೆಳಗೆ ಅಂಗಳದ ಕಡೆ ಬಾಗುತ್ತಿದ್ದಂತೆ ದೃಶ್ಯ ಹಾರಿ ಮತ್ತೆ ಸಮುದ್ರಕ್ಕೆ ಬರುತ್ತದೆ. ಆಗ ಫೋನು ನಿಂತಿತ್ತೇ?

ನಿಮ್ಮ ನಂಬರ್ ತಿಳಿಸಿದರೆ ಮಾತಿನಲ್ಲೇ ಮುಗಿಸಬಹುದು.

ಇತಿ,
ವೇಳೆ ಗುರುತಿಸುವ ಗುಮಾಸ್ತ,
ದೃಶ್ಯ ದಾಖಲೆ ವಿಭಾಗ

ಫೆಬ್ರವರಿ ೨

ವೇಳೆ ಗುರುತಿಸುವವರಿಗೆ ನಮಸ್ಕಾರ.

ಹೀಗೂ ಒಂದು ಉದ್ಯೋಗ ಇದೆಯೆಂದು ಗೊತ್ತಿರಲಿಲ್ಲ. ನಮ್ಮ ಗೋಡೆ ಗಡಿಯಾರ ನೀರು ಕುಡಿದು ನಿಂತಿದೆ, ಅದನ್ನೂ ಕಳಿಸಲೇ?

ಎಣಿಸುವವಳು ನಾನೇ. ಐಸ್ ಫ್ಯಾಕ್ಟರಿಯಲ್ಲಿ ಹದಿನೆಂಟು ವರ್ಷದಿಂದ ಟೋಕನ್ ಕೊಡುತ್ತೇನೆ, ಊರಿಗೆಲ್ಲ ಟೋಕನ್ ಅಕ್ಕ. ಬಂದರಿಗೆ ಮೊದಲು ಬಂದ ದೋಣಿಗೆ ಮೊದಲು ಐಸು, ಇದು ನಿಯಮ. "ನಾನು ಮೊದಲು ಬಂದೆ", "ನಿಮ್ಮಜ್ಜ ಮೊದಲು ಬಂದ" ಎಂದು ದಿನಾ ಕೈಕೈ ಮಿಲಾಯಿಸುತ್ತಿದ್ದರು. ಅದಕ್ಕೆ ನಾನು ಬೆಳಿಗ್ಗೆ ತಾರಸಿ ಹತ್ತಿ, ದೋಣಿಗಳು ಒಳಗೆ ಬರುವುದನ್ನು ಫೋನಿನಲ್ಲಿ ಹಿಡಿದು ಬಾಯಲ್ಲೂ ಎಣಿಸಿಡಲು ಶುರುಮಾಡಿದೆ. ಯಾರಾದರೂ ತಕರಾರು ತೆಗೆದರೆ ಫೋನನ್ನು ಮುಖಕ್ಕೆ ಹಿಡಿಯುವುದು, ಬಾಯಿ ಮುಚ್ಚಿಸುವುದು. ಅಷ್ಟರಲ್ಲಿ ಅವರು ಕೈಗಾಡಿ ತಂದು ಕೆಳಗೆ ಅಂಗಳದಲ್ಲಿ ಸಾಲು ನಿಲ್ಲುತ್ತಾರೆ. ಆ ದಿನವೂ ಅದೇ ಕೆಲಸ. ಸಮುದ್ರ ಹಿಂದೆ ಹೋಗಿದ್ದು ಕಾಣಲಿಲ್ಲ ಎಂದಲ್ಲ, ಕಂಡಿತು. ದೊಡ್ಡ ಇಳಿತ ಇರಬೇಕು ಅಂದುಕೊಂಡೆ. ಬಾಯಿ ತನ್ನ ಪಾಡಿಗೆ ಎಣಿಸುತ್ತಿತ್ತು.

ಟಿವಿಯವರಿಗೆ ಅದು ಹೇಗೋ ಸಿಕ್ಕಿದೆ. ನಾನು ಎಣಿಸುವುದನ್ನೂ ನೀರು ಬರುವುದನ್ನೂ ಒಂದಕ್ಕೊಂದು ಅಂಟಿಸಿ ತೋರಿಸುತ್ತಿದ್ದಾರೆ. ನಡುವೆ ಒಂದು ನಿಮಿಷಕ್ಕೂ ಹೆಚ್ಚು "ಮೇಲೆ ಬನ್ನಿ, ಮೇಲೆ ಬನ್ನಿ" ಎಂದು ಗಂಟಲು ಹರಿದುಕೊಂಡಿದ್ದೇನೆ, ಅದು ಮಾಯ. ಶಿಬಿರದಲ್ಲಿ ಕೊಡ ಹಿಡಿದು ನೀರಿಗೆ ನಿಂತರೆ ಹಿಂದಿನಿಂದ ಯಾರಾದರೂ "ಎಣಿಸಮ್ಮ, ನಾನೆಷ್ಟನೆಯವನು?" ಅನ್ನುತ್ತಾರೆ. ಅಂಟಿಸಿದ ಆ ಪುಣ್ಯಾತ್ಮನ ಕೈ ಸಿಕ್ಕರೆ ಐಸಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕುತ್ತೇನೆ.

ನಿಮ್ಮ ನಲವತ್ತು ಸೆಕೆಂಡಿನ ವಿಷಯ: ಬೆರಳು ತಾಗಿ ಫೋನು ನಿಂತಿತ್ತು. ಅಷ್ಟೇ.

ಜನ ಓಡಿದ ಹಾದಿ ಬೇಕಾದರೆ ಇದನ್ನೂ ಬರೆದುಕೊಳ್ಳಿ. ನಮ್ಮ ಗೇಟಿನ ಎಡಕ್ಕೆ ಬಲೆ ಇಡುವ ತಗಡಿನ ಶೆಡ್ ಇತ್ತು. ರಾತ್ರಿ ಮೀನಿಗೆ ಹೋಗಿ ಬಂದವರು ಆರು ಜನ ಅಲ್ಲಿ ಸತ್ತವರಂತೆ ಮಲಗಿದ್ದರು. ಯಾರೋ ಕಬ್ಬಿಣದಿಂದ ಬಾಗಿಲು ಬಡಿದು "ಐಸು ಖಾಲಿಯಾಗ್ತಿದೆ, ಏಳ್ರೋ!" ಎಂದು ಕೂಗಿದರಂತೆ. ಹೊರಗೆ ಬಂದು ಸಮುದ್ರ ಕಂಡವರೇ ಆರೂ ಜನ ಶಾಲೆಯ ಏರಿಗೆ ಓಡಿ ಉಳಿದರು. ಸಮುದ್ರ ಬರ್ತಿದೆ ಅಂದಿದ್ದರೆ ಮಗ್ಗುಲು ಬದಲಿಸಿ ಮಲಗುತ್ತಿದ್ದರು. ನಿದ್ದೆಗಣ್ಣಲ್ಲಿ ಓಡಿದವರು ಬಡಿದವನ ಮುಖ ನೋಡಲಿಲ್ಲ, ಶೆಡ್ಡಿನ ಕಾವಲುಗಾರ ಇರಬೇಕು ಎನ್ನುತ್ತಾರೆ. ಅವನು ಉಳಿಯಲಿಲ್ಲ. ಅವನ ಫೋಟೊ ಈಗ ಹೊಸ ಶೆಡ್ಡಿನಲ್ಲಿದೆ.

ನಂಬರ್ ಕೊಡುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ನನ್ನ ತಮ್ಮ ದೋಣಿ ಇಂಜಿನ್ನಿನ ಮೆಕ್ಯಾನಿಕ್. ಆ ದಿನದಿಂದ ಪತ್ತೆಯಿಲ್ಲ, ದೇಹವೂ ಸಿಕ್ಕಿಲ್ಲ. ಅವನ ಹೆಂಡತಿ ನನ್ನ ಜೊತೆ ಶಿಬಿರದ ಕೋಣೆಯಲ್ಲೇ ಇದ್ದಾಳೆ. ಫೋನು ಹೊಡೆದುಕೊಂಡರೆ ಸಾಕು, ಕೈಯಲ್ಲಿದ್ದದ್ದನ್ನು ಬಿಸಾಡಿ ಓಡುತ್ತಾಳೆ. ಹೋದ ವಾರ ಯಾರೋ ಹಾಸಿಗೆ ಮಾರುವ ಕಂಪನಿಯವರು ಮಾಡಿದ್ದರು. ಅವಳ ಮುಖ ನೋಡಿದೆ. ಅಂದಿನಿಂದ ಗೊತ್ತಿದ್ದವರಿಗೆಲ್ಲ ಫೋನ್ ಮಾಡಬೇಡಿ ಎಂದು ಹೇಳಿಬಿಟ್ಟಿದ್ದೇನೆ. ಪತ್ರ ಸಾಕು.

ಟೋಕನ್ ಅಕ್ಕ

ಫೆಬ್ರವರಿ ೧೨

ಟೋಕನ್ ಅಕ್ಕನವರಿಗೆ ನಮಸ್ಕಾರ.

ನಿಮ್ಮ ತಮ್ಮನ ವಿಷಯ ಓದಿ ಪತ್ರವನ್ನು ಮಡಚಿಟ್ಟೆ. ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ.

ಕೆಲಸದ ಮಾತು. ಬೆರಳು ತಾಗಿ ಫೋನು ನಿಂತರೆ, ಮತ್ತೆ ಶುರುಮಾಡಿದಾಗ ಅದು ಎರಡನೆಯ ವಿಡಿಯೊ ಆಗುತ್ತದೆ. ನೀವು ಕಳಿಸಿದ್ದು ಒಂದೇ. ಅಂದರೆ ಯಾರೋ ನಡುವೆ ಕತ್ತರಿಸಿ ಜೋಡಿಸಿದ್ದಾರೆ. ಗಾಬರಿಯಲ್ಲಿ ಬಾಯಿಂದ ಬೈಗುಳ ಬಂದಿದ್ದರೆ ಸಂಕೋಚ ಬೇಡ. ಒಬ್ಬ ಹೆಡ್‌ಮಾಸ್ಟರು ನೀರಿನ ಟ್ಯಾಂಕಿನ ಮೇಲೆ ನಿಂತು ಸಮುದ್ರಕ್ಕೆ ಮೂರು ನಿಮಿಷ ಬೈದದ್ದು ನಮ್ಮಲ್ಲಿದೆ. ಅರ್ಧ ಮಾತು ನನಗೆ ಹೊಸದು. ಅದನ್ನೂ ಹಾಗೇ ಇಟ್ಟುಕೊಂಡಿದ್ದೇವೆ.

ಅಂಗಳ ಹತ್ತಿರದಿಂದ ಕಾಣುವುದು ಆ ನಲವತ್ತು ಸೆಕೆಂಡಿನಲ್ಲಿ ಮಾತ್ರ. ದೊಡ್ಡ ಅಲೆ ಬರುವ ಮೊದಲೇ ಅಂಗಳದ ಹಿಂದಿನ ಮೋರಿಯಿಂದ ನೀರು ಉಕ್ಕುತ್ತಿತ್ತೇ ಎಂಬುದು ಗೊತ್ತಾಗಬೇಕು. ಉಕ್ಕುತ್ತಿದ್ದರೆ ಮೆಟ್ಟಿಲನ್ನು ಹಿಂದೆ ಕಟ್ಟುವ ಹಾಗಿಲ್ಲ, ಎಡಕ್ಕೆ, ಶೆಡ್ಡಿನ ಕಡೆಗೆ ಕಟ್ಟಬೇಕು.

ಟಿವಿಯ ತುಣುಕಿನ ಬಗ್ಗೆ ನೀವು ಬರೆದದ್ದು ಓದಿದೆ. ಬೇಸರವಾಯಿತು.

ನಾನು ಸಮುದ್ರ ನೋಡಿದವನಲ್ಲ. ಈ ಕೋಣೆಗೆ ಕಿಟಕಿಯೂ ಇಲ್ಲ, ಎರಡು ಪರದೆ, ಒಂದು ಗಡಿಯಾರ, ಆರಿಹೋದ ಟೀ. ಆದರೆ ನಿಮ್ಮ ವಿಡಿಯೊ ಎಷ್ಟು ಸಲ ನೋಡಿದ್ದೇನೆಂದರೆ, ಮೊನ್ನೆ ಊಟಕ್ಕೆ ಕೂತಾಗ "ಏಳು, ತಗಡಿನ ಮಾಡು" ಅಂದೆನಂತೆ. ಹೆಂಡತಿ ಅಟ್ಟದ ಕಡೆ ನೋಡಿದಳು.

ಗುಮಾಸ್ತ

ಫೆಬ್ರವರಿ ೨೬

ಗಡಿಯಾರದವರೇ,

ಬೈಗುಳವಲ್ಲ. ಕತ್ತರಿಸಿದವಳು ನಾನೇ. ಅದರಲ್ಲಿ ನನ್ನ ತಮ್ಮ ಇದ್ದಾನೆ. ಅಂಥದ್ದೊಂದು ಇದೆ ಎಂದು ಅವನ ಹೆಂಡತಿಗೂ ಗೊತ್ತಿಲ್ಲ. ಅಳಿಸಿಲ್ಲ, ಕೊಡುವುದೂ ಇಲ್ಲ. ಮೋರಿಯಲ್ಲಿ ನೀರು ಉಕ್ಕುತ್ತಿತ್ತು, ನಾನು ಕಣ್ಣಾರೆ ಕಂಡಿದ್ದೇನೆ. ಬರೆದುಕೊಳ್ಳಿ, ಮುಗಿಯಿತು.

ಅವನ ಬಗ್ಗೆ ಯಾರ ಹತ್ತಿರವೂ ಮಾತಾಡುವ ಹಾಗಿಲ್ಲ. "ಇದ್ದ" ಅಂದರೆ ಅವನ ಹೆಂಡತಿ ಎದ್ದು ಹೋಗುತ್ತಾಳೆ, "ಇದ್ದಾನೆ" ಅಂದರೆ ಉಳಿದವರು ನನ್ನನ್ನು ಕನಿಕರದಿಂದ ನೋಡುತ್ತಾರೆ. ನಿಮಗಾದರೆ ಬರೆಯಬಹುದು. ಅವನಿಗೆ ಸಾಲು ಅಂದರೆ ಅಲರ್ಜಿ. ನಾನು ಎಣಿಸಿಡಲು ಶುರುಮಾಡಿದ್ದಕ್ಕೆ ಅರ್ಧ ಕಾರಣ ಅವನೇ. "ಅಕ್ಕ ಒಳಗಿರೋವಾಗ ನಾನ್ಯಾಕೆ ನಿಲ್ಬೇಕು?" ಎಂದು ಎಲ್ಲರ ಮುಂದೆ ನುಗ್ಗುತ್ತಿದ್ದ. ನನ್ನ ಮಾನ ಹೋಗುತ್ತಿತ್ತು. ಸೊಂಟದ ಹಿಂದೆ ಬಾಲದ ಹಾಗೆ ಒಂದು ದೊಡ್ಡ ಸ್ಪ್ಯಾನರ್, ಮದುವೆ ಮನೆಗೂ ಅದು ಬೇಕು. ಆ ದಿನ ಒಬ್ಬ ದೋಣಿಯವನಿಗೆ ಜ್ವರವಿತ್ತು, ಅವನ ಬದಲಿಗೆ ಕೈಗಾಡಿ ತಂದಿದ್ದ. ಹಿಂದಿನ ದಿನವಷ್ಟೇ ನಾನು ಎಲ್ಲರೆದುರು ಉಗಿದಿದ್ದೆ. ಅದಕ್ಕೆ ಅಪರೂಪಕ್ಕೆ ಸಾಲಿನಲ್ಲಿ ನಿಂತಿದ್ದ.

ಇಷ್ಟು ಸಾಕು.

ಟೋಕನ್ ಅಕ್ಕ

ಮಾರ್ಚ್ ೯

ಅಕ್ಕನವರೇ,

ಕಂಡವರು ಹೇಳಿದ್ದನ್ನು ನಕ್ಷೆಗೆ ಹಾಕುವ ಹಾಗಿಲ್ಲ, ದೃಶ್ಯವೇ ಬೇಕು. ನಿಯಮ ಹಾಗಿದೆ. ಆದರೆ ಇವತ್ತು ಬರೆಯುತ್ತಿರುವುದು ಅದಕ್ಕಲ್ಲ.

ಐಸಿನ ಪೆಟ್ಟಿಗೆಯಲ್ಲಿಡಬೇಕಾದ ಕೈ ನನ್ನದು.

ನವೆಂಬರಿನಲ್ಲಿ ನಿಮ್ಮ ವಿಡಿಯೊದ ಒಂದು ನಕಲು ಪರಿಹಾರ ಕೆಲಸದವರ ಮೂಲಕ ನಮ್ಮ ಕಚೇರಿಗೆ ಬಂದಿತ್ತು. ಅದರಲ್ಲೂ ಆ ನಲವತ್ತು ಸೆಕೆಂಡು ಇರಲಿಲ್ಲ. ಟಿವಿಯವರಿಗೆ ಮೂವತ್ತು ಸೆಕೆಂಡಿನ ತುಣುಕು ಮಾಡಿಕೊಡಿ ಎಂದು ಮೇಲಧಿಕಾರಿ ಹೇಳಿದರು. ನಿಮ್ಮ ಎಣಿಕೆಯಿಂದ ದೋಣಿಗಳ ಗುರುತು ಸಿಗುತ್ತದೆ, ವೇಳೆ ಹೊಂದಿಸಲು ಸುಲಭ ಎಂದು ಅದನ್ನು ಇಟ್ಟುಕೊಂಡೆ. ನೀರು ಬರುವುದನ್ನು ಇಟ್ಟುಕೊಂಡೆ. ನಡುವಿನ ಕೂಗು ಗದ್ದಲವಾಗಿತ್ತು, ತೆಗೆದೆ. ಜನ ಅದನ್ನು ಹೇಗೆ ನೋಡುತ್ತಾರೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ನೀವು ಫೆಬ್ರವರಿಯಲ್ಲಿ ಬರೆದಾಗಲೇ ಹೇಳಬೇಕಿತ್ತು. "ಬೇಸರವಾಯಿತು" ಎಂದು ಬರೆದು ಜಾರಿಕೊಂಡೆ. ನನಗೆ ನಾಚಿಕೆಯಾಗಿದೆ.

ಗುಮಾಸ್ತ

ಮಾರ್ಚ್ ೧೭

ನಿಮ್ಮ ಪತ್ರ ತಲುಪಿತು. ಇನ್ನು ಬರೆಯಬೇಡಿ.

ಏಪ್ರಿಲ್ ೨೧

ಅಕ್ಕನವರೇ,

ಬರೆಯಬೇಡಿ ಎಂದಿದ್ದೀರಿ, ಒಂದು ಕಾರ್ಡು ಮಾತ್ರ. ನೀವು ಕೂಗುವುದೆಲ್ಲವೂ ಇರುವ ಉದ್ದದ ತುಣುಕನ್ನು ಎಲ್ಲ ಟಿವಿಯವರಿಗೂ ಕಳಿಸಿದ್ದೇನೆ. ಇಬ್ಬರು ಹಾಕುತ್ತೇವೆ ಅಂದರು, ಉಳಿದವರು ಹಳೆಯ ಸುದ್ದಿ ಅಂದರು. ಮೋರಿಯ ನೀರನ್ನು ನಕ್ಷೆಯಲ್ಲಿ ಪೆನ್ಸಿಲಿನಲ್ಲಿ ಗುರುತು ಮಾಡಿದ್ದೇನೆ. ಉತ್ತರ ಬೇಕಿಲ್ಲ.

ಮೇ ೨೪

ಗಡಿಯಾರದವರೇ,

ಬರೆಯಬೇಡಿ ಅಂದವಳೇ ಬರೆಯುತ್ತಿದ್ದೇನೆ. ನಗುವುದಾದರೆ ನಗಿ.

ಉದ್ದದ ತುಣುಕು ಶಿಬಿರದ ಟಿವಿಯಲ್ಲಿ ಬಂತು. "ಎಣಿಸಮ್ಮ" ಎನ್ನುತ್ತಿದ್ದವನು ಮಾರನೆಯ ದಿನ ನನ್ನ ಕೊಡ ತಾನೇ ತುಂಬಿಸಿ ಕೊಟ್ಟ, ಮುಖ ಮಾತ್ರ ಎತ್ತಲಿಲ್ಲ. ನಿಮ್ಮ ಮೇಲಿನ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಇಟ್ಟುಕೊಂಡಿದ್ದೇನೆ, ಬೇಕಾಗಬಹುದು.

ಆದರೆ ತಮ್ಮನ ಹೆಂಡತಿಯೂ ನೋಡಿದಳು. ನೋಡಿ, "ಅತ್ತಿಗೆ, ಇಲ್ಲಿ ಯಾಕೆ ಹಾರ್ತು?" ಎಂದು ಕೇಳಿದಳು. ನಿಮಗೆ ಹೇಳಿದ ಸುಳ್ಳನ್ನೇ ಹೇಳಿದೆ. ನಿಮಗಿಂತ ಬೇಗ ಹಿಡಿದಳು. ಅಂದಿನಿಂದ ನನಗೆ ಅನ್ನ ಬಡಿಸುವಾಗ ನನ್ನ ಮುಖ ನೋಡುವುದಿಲ್ಲ. ಅವಳಿಗೆ ಹೇಳುವ ಮೊದಲು ಯಾರಿಗಾದರೂ ಒಮ್ಮೆ ಹೇಳಬೇಕು. ನಿಮಗೆ ಹೇಳುತ್ತೇನೆ.

ಐಸ್ ಫ್ಯಾಕ್ಟರಿಯಲ್ಲಿ ಯಂತ್ರದ ಸದ್ದಿಗೆ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ತಾರಸಿಯಿಂದ ಅಂಗಳಕ್ಕಂತೂ ದೂರದ ಮಾತು. ಅದಕ್ಕೆ ನಾವು ಕೈಯಲ್ಲೇ ಮಾತಾಡುತ್ತೇವೆ. ಕೈ ಬೀಸಿ ಕರೆದರೆ "ಮೇಲೆ ಬಾ, ನಿನ್ನ ಸರದಿ." ಅಂಗೈ ತೋರಿಸಿ ಹಿಡಿದರೆ "ನಿಂತಲ್ಲೇ ನಿಲ್ಲು, ಸಾಲು ಬಿಡಬೇಡ."

ಬರಿದಾದ ಕಡಲಿಗೆ ಜನ ಮೀನು ಹೆಕ್ಕಲು ಓಡುತ್ತಿದ್ದರು. ಕೆಳಗೆ ನೋಡಿದೆ. ಸಾಲಿನ ಮೊದಲ ಮೂವರು ಗಾಡಿ ಬಿಟ್ಟು ಆಗಲೇ ಓಡಿದ್ದರು. ನಾಲ್ಕನೆಯವನು ನನ್ನ ತಮ್ಮ, ಒಬ್ಬನೇ ನಿಂತಿದ್ದ. ತಲೆಯೆತ್ತಿ ಏನಾಗ್ತಿದೆ ಎನ್ನುವಂತೆ ಗದ್ದ ಹಾರಿಸಿದ. ಇವನೂ ಮೀನಿಗೆ ಓಡಿಬಿಡುತ್ತಾನೆ ಎಂದು ನನಗೆ ಹೆದರಿಕೆಯಾಯಿತು. ಕೈ ಎತ್ತಿ ಅಂಗೈ ತೋರಿಸಿ ಹಿಡಿದೆ.

ಬೀಸಿ ಕರೆಯಬೇಕಿತ್ತು. ತಾರಸಿಯ ಮೆಟ್ಟಿಲು ಅವನಿಂದ ಇಪ್ಪತ್ತು ಹೆಜ್ಜೆ. ಹೋಗಬೇಡ ಎನ್ನುವುದು ನನ್ನ ಮನಸ್ಸಿನಲ್ಲಿತ್ತು, ಹದಿನೆಂಟು ವರ್ಷದ ಕೈ ಮಾತ್ರ ತನಗೆ ಗೊತ್ತಿದ್ದುದನ್ನು ಮಾಡಿತು. ಆಮೇಲೆ ಫೋನನ್ನು ಸಮುದ್ರಕ್ಕೆ ತಿರುಗಿಸಿ, ಮೀನಿಗೆ ಓಡಿದವರನ್ನು ಕೂಗುತ್ತಾ ಹೋದೆ. ಮತ್ತೆ ಕೆಳಗೆ ನೋಡಿದಾಗ ನೀರು ಬಂದಿತ್ತು. ಅವನ ಕೈಗಾಡಿ ನಾಲ್ಕನೆಯ ಜಾಗದಲ್ಲೇ ತೇಲುತ್ತಿತ್ತು.

ನಾನು ನಿಲ್ಲು ಅಂದೆ, ಅವನು ನಿಂತ. ಇದನ್ನು ಏಳು ತಿಂಗಳಿಂದ ನುಂಗಿಕೊಂಡಿದ್ದೇನೆ.

ಒಂದೇ ಒಂದು ಕೇಳುತ್ತೇನೆ. ಉಳಿದ ಇಪ್ಪತ್ತಾರು ವಿಡಿಯೊಗಳಲ್ಲಿ ಎಲ್ಲಾದರೂ ನಮ್ಮ ಅಂಗಳ ಕಾಣುತ್ತದೆಯೇ? ದೂರದಿಂದಾದರೂ ಸರಿ. ಅವನು ಅಲ್ಲೇ ನಿಂತಿದ್ದನೇ? ಏನಿದ್ದರೂ ಇದ್ದ ಹಾಗೆ ಬರೆಯಿರಿ. ನನ್ನ ಸಮಾಧಾನಕ್ಕೆಂದು ಏನನ್ನೂ ಅಂಟಿಸಬೇಡಿ.

ಟೋಕನ್ ಅಕ್ಕ

ಜೂನ್ ೧೦

ಅಕ್ಕಾ,

ಹನ್ನೆರಡು ದಿನ ಹುಡುಕಿದೆ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಶಾಲೆಯ ಮಾಳಿಗೆಯಿಂದ ಒಬ್ಬ ಟೀಚರು ತೆಗೆದ ವಿಡಿಯೊ ಡಿಸೆಂಬರಿನಿಂದಲೂ ನನ್ನ ಹತ್ತಿರವೇ ಇತ್ತು. "ದೂರ, ಮಸುಕು, ಉಪಯೋಗವಿಲ್ಲ" ಎಂದು ಚೀಟಿ ಅಂಟಿಸಿ ಕಪಾಟಿಗೆ ಹಾಕಿದ್ದೆ. ಅಂಗಳದ ಹಿಂಭಾಗ, ಮೋರಿ ಯಾವುದೂ ಅದರಲ್ಲಿ ಕಾಣುವುದಿಲ್ಲ. ಮುಂಭಾಗವೂ ಗೇಟೂ ಶೆಡ್ಡೂ ಕಾಣುತ್ತವೆ. ಶಬ್ದವೆಂದರೆ ಗಾಳಿ ಮಾತ್ರ.

೯:೧೪:೫೦ಕ್ಕೆ ತಾರಸಿಯ ಮೇಲೆ ಒಂದು ಕೈ ಏಳುತ್ತದೆ. ಅದು ನಿಮ್ಮದು. ಕೆಳಗೆ ಒಬ್ಬನೇ ಒಬ್ಬ ಗಾಡಿಯ ಪಕ್ಕ ತಲೆಯೆತ್ತಿ ನಿಂತಿದ್ದಾನೆ. ೯:೧೫:೦೫ಕ್ಕೆ ನೀವು ಸಮುದ್ರದ ಕಡೆ ತಿರುಗುತ್ತೀರಿ. ಎರಡು ಸೆಕೆಂಡು ಬಿಟ್ಟು ಅವನು ನಿಮ್ಮ ಕಡೆ ಕೈ ಕೊಡವುತ್ತಾನೆ, ಅಯ್ಯೋ ಹೋಗು ಎನ್ನುವ ಹಾಗೆ. ಗಾಡಿ ಬಿಟ್ಟು ಗೇಟಿನ ಹೊರಗೆ ಓಡುತ್ತಾನೆ. ಸಮುದ್ರದ ಕಡೆಗಲ್ಲ, ಎಡಕ್ಕೆ. ೯:೧೫:೧೯ಕ್ಕೆ ಶೆಡ್ಡಿನ ಬಾಗಿಲಲ್ಲಿದ್ದಾನೆ. ಸೊಂಟದ ಹಿಂದಿನಿಂದ ಉದ್ದನೆಯದೇನನ್ನೋ ಎಳೆದು ಬಾಗಿಲು ಬಡಿಯುತ್ತಾನೆ. ಹದಿನಾಲ್ಕು ಸಲ, ಎಣಿಸಿದ್ದೇನೆ. ೯:೧೫:೩೪ಕ್ಕೆ ಮೊದಲನೆಯವನು ಹೊರಗೆ ಬರುತ್ತಾನೆ, ೯:೧೫:೪೬ಕ್ಕೆ ಆರನೆಯವನು. ಆರೂ ಜನ ಏರಿನ ಕಡೆ ಓಡುತ್ತಾರೆ. ನಿಮ್ಮ ತಮ್ಮ ಅವರ ಜೊತೆ ಓಡುವುದಿಲ್ಲ. ಒಳಗೆ ಹೋಗುತ್ತಾನೆ.

೯:೧೬:೨೦ಕ್ಕೆ ನೀರು ಶೆಡ್ಡಿಗೆ ಬಂತು. ಅಷ್ಟರೊಳಗೆ ಯಾರೂ ಹೊರಗೆ ಬರಲಿಲ್ಲ. ಇದನ್ನು ಬರೆಯದೆ ಬಿಡೋಣ ಅನ್ನಿಸಿತ್ತು. ಅಂಟಿಸಬೇಡಿ ಅಂದಿದ್ದೀರಿ, ಕತ್ತರಿಸುವುದೂ ಅದೇ ತಪ್ಪು.

ನಾಲ್ಕು ಚಿತ್ರಗಳನ್ನು ದೊಡ್ಡದು ಮಾಡಿ ಇಟ್ಟಿದ್ದೇನೆ. ಕೊನೆಯದರಲ್ಲಿ ಅವನು ಬಾಗಿಲಲ್ಲಿದ್ದಾನೆ. ಅದರಾಚೆಯದನ್ನು ಕಳಿಸಿಲ್ಲ. ಮನೆಯವರಿಗೆ ಇಂಥದ್ದನ್ನು ಕಳಿಸುವ ಹಾಗಿಲ್ಲ ಎಂಬುದು ನಿಯಮ. ಮೇಲಧಿಕಾರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸುತ್ತಾ, "ಕನ್ನಡಕ ಇಲ್ದೆ ನನಗೇನೂ ಕಾಣ್ಸಲ್ಲಪ್ಪ" ಅಂದರು.

ನಿಮ್ಮ ಗುಮಾಸ್ತ

ಜೂನ್ ೨೪

ತಮ್ಮಾ,

ನೀವು ಅಕ್ಕಾ ಎಂದು ಕರೆದಿದ್ದೀರಿ, ಹಾಗಾಗಿ ಇದು ನನ್ನ ಹಕ್ಕು.

ನಾಲ್ಕು ಚಿತ್ರಗಳನ್ನು ತಮ್ಮನ ಹೆಂಡತಿಯ ಮುಂದೆ ಇಡುವ ಮೊದಲು ನನ್ನ ಕೈಯ ವಿಷಯ ಹೇಳಿದೆ. ನಲವತ್ತು ಸೆಕೆಂಡನ್ನೂ ತೋರಿಸಿದೆ. ಬೈಯುತ್ತಾಳೆ, ಎದ್ದು ಹೋಗುತ್ತಾಳೆ ಎಂದು ಎದೆ ಗಟ್ಟಿ ಮಾಡಿಕೊಂಡು ಕೂತಿದ್ದೆ. ಅವಳು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಇವ್ರೇ ಅತ್ತಿಗೆ. ಸ್ಪ್ಯಾನರ್ ನೋಡಿ. ಎಂಟು ತಿಂಗಳಿಂದ ಇದನ್ನ ಒಬ್ರೇ ಇಟ್ಕೊಂಡು ಕೂತಿದ್ರಾ? ನೀವು ನಿಲ್ಲು ಅಂದ್ರೆ ನಿಲ್ಲೋ ಆಸಾಮಿನಾ ಅವ್ರು? ಹನ್ನೊಂದು ವರ್ಷ ನಾನು ಹೇಳ್ದೆ, ಒಂದಿನ ಕೇಳಿದ್ರಾ?" ಎಂದು ನಕ್ಕಳು. ನಗುತ್ತಲೇ ಅತ್ತಳು. ಆ ದಿನದಿಂದ ಅವಳು ಅತ್ತದ್ದು ಅದೇ ಮೊದಲು. ನಾನೂ ಅತ್ತೆ. ಆಮೇಲೆ ಅವಳೇ ಎದ್ದು ಅನ್ನ ಬಡಿಸಿದಳು, ನನ್ನ ಮುಖ ನೋಡಿ.

ಶೆಡ್ಡಿನವರ ಹತ್ತಿರ ಹೋದೆ. ಚಿತ್ರ ಕೈಯಿಂದ ಕೈಗೆ ಹೋಯಿತು. ಆ ಆರು ಜನರಲ್ಲಿ ಹಿರಿಯ ಹೇಳಿದ: "ಅಕ್ಕಾ, ಕಾವಲಿನವನಿಗೆ ಒಂದು ಕಿವಿ ಕೇಳಿಸ್ತಿರ್ಲಿಲ್ಲ. ಕೇಳಿಸೋ ಕಿವಿ ಕೆಳಗೆ ಹಾಕ್ಕೊಂಡು ಮಲಗ್ತಿದ್ದ. ಅವನು ಎದ್ದೇ ಇರ್ಲಿಲ್ಲ ಅಂತ ಕಾಣ್ಸುತ್ತೆ." ಹಾಗಾದರೆ ತಮ್ಮ ಒಳಗೆ ಹೋದದ್ದು ಅವನನ್ನು ಎಬ್ಬಿಸಲು. ಕಾವಲುಗಾರನ ಫೋಟೊ ತೆಗೆಯುವುದು ಬೇಡ, ಪಕ್ಕದಲ್ಲಿ ಇನ್ನೊಂದು ಹಾಕಿ ಅಂದೆ. ತಮ್ಮನ ಹೆಂಡತಿ ತಾನೇ ಹೋಗಿ ಮೊಳೆ ಹೊಡೆದು ಹಾಕಿ ಬಂದಳು.

ಅವನು ಹೋದದ್ದು ಹೋದದ್ದೇ. ಅದರಲ್ಲಿ ಏನೂ ಕಡಿಮೆಯಾಗಿಲ್ಲ. ಆದರೆ ಅವನ ಗಾಡಿ ಕಂಡು ಅವನೂ ಅಲ್ಲೇ ನಿಂತಿದ್ದ ಅಂದುಕೊಂಡೆನಲ್ಲ, ನಾನು ಎಂಥ ಅಕ್ಕ! ಜನ್ಮದಲ್ಲಿ ಒಂದು ದಿನ ನನ್ನ ಮಾತು ಕೇಳಿದವನಲ್ಲ. ಅವನು ಸಾಲು ಬಿಡುತ್ತಾನೆಂದು ಊರಿಗೆಲ್ಲ ಗೊತ್ತಿತ್ತು, ಎಣಿಸಿ ಇಡುತ್ತಿದ್ದ ನಾನೇ ಮರೆತೆ.

ನಲವತ್ತು ಸೆಕೆಂಡು ಇದರ ಜೊತೆಗಿದೆ, ಅದೇ ಬೆಂಕಿಪೊಟ್ಟಣದಲ್ಲಿ. ಬಲಗಡೆ ಮೂಲೆಯಲ್ಲಿ ಮೋರಿಯ ನೀರು ಚೆನ್ನಾಗಿ ಕಾಣುತ್ತದೆ. ಪೆನ್ಸಿಲಿನ ಗುರುತಿನ ಮೇಲೆ ಶಾಯಿ ಎಳೆಯಿರಿ. ಮೆಟ್ಟಿಲು ಶೆಡ್ಡಿನ ಕಡೆಗೇ ಆಗಲಿ. ಕಟ್ಟಿದ ಮೇಲೆ ಬಂದು ಸಮುದ್ರ ನೋಡಿ ಹೋಗಿ, ಹೆಂಡತಿಯನ್ನೂ ಕರೆತನ್ನಿ. ನಿಮ್ಮ ಕೈಯನ್ನು ಪೆಟ್ಟಿಗೆಯಲ್ಲಿಡುವುದಿಲ್ಲ.

ಮೊನ್ನೆ ಮಧ್ಯಾಹ್ನ ಫೋನು ಹೊಡೆದುಕೊಂಡಿತು. ತಮ್ಮನ ಹೆಂಡತಿ ಬಟ್ಟೆ ಮಡಚುತ್ತಿದ್ದಳು. ತಲೆಯೆತ್ತಿ ನನ್ನ ಕಡೆ ನೋಡಿ, "ನಿಮಗಿರ್ಬೇಕು ಅತ್ತಿಗೆ, ತಗೊಳ್ಳಿ" ಅಂದಳು. ಮತ್ತೆ ಮಡಚತೊಡಗಿದಳು.

ನನ್ನ ನಂಬರನ್ನು ಈ ಹಾಳೆಯ ಹಿಂದೆ ಬರೆದಿದ್ದೇನೆ. ಇನ್ನು ನೀವು ಫೋನ್ ಮಾಡಬಹುದು.

ಅಕ್ಕ